ಅತ್ತಿಯವರ ಫೋನು

ಹೋದ ವರ್ಷ ಆಷಾಢ, ಶ್ರಾವಣ ಎರಡೂ ತಿಂಗಳು ನಮ್ಮ ಅತ್ತಿಯವರು, ಅವರ ತಂಗಿ ಅಂದ್ರ ನಮ್ಮ ಸೊಲ್ಲಾಪುರದ ಮೌಶಿಯವರು, ಒಬ್ಬರಿಗೊಬ್ಬರು ಮಾತಾಡಿರ್ಲಿಲ್ಲ. ಜಗಳ ಆಗಿರ್ಲಿಲ್ಲ. ಹೊಲಮನಿ ವಿಷಯ ಏನೂ ಇರ್ಲಿಲ್ಲ. ಕಾರಣ ಒಂದು ಫೋನು. ಆ ಫೋನು ಮನಿಗೆ ಬರ್ಲಿ ಅಂತ ಹಟಾ ಮಾಡಿದಾಕಿ ನಾನ.

ಅತ್ತಿಯವರಿಗೆ ಈಗ 84. ಬಾಯಿ, ಬುದ್ಧಿ, ನೆನಪು ಮೂರೂ ಗಟ್ಟಿ ಅವ. ಯಾರ ಮನ್ಯಾಗ ಯಾವ ತಿಥಿಗೆ ಶ್ರಾದ್ಧ, ಯಾರ ಹುಡುಗಿ ಯಾವ ನಕ್ಷತ್ರ, ಎಲ್ಲಾ ಬಾಯಾಗ. ಆದ್ರ ಎರಡೂ ಕಣ್ಣಿನ ಪರದೆಯ ನಡುವಿನ ಭಾಗ ಸವದದ ಅಂತ ಡಾಕ್ಟರು ಹೇಳ್ಯಾರ. ಬಾಜೂಕಿಂದು ಕಾಣ್ತದ, ನೆಟ್ಟಗ ಎದುರಿಗೆ ನೋಡಿದ್ದು ಕಾಣಂಗಿಲ್ಲ. ಎಡಗಿವಿಗೆ ಮಷೀನ್ ಹಚ್ಗೋತಾರ. ಬಲಗೈ ನಡಗ್ತದ, ಚಹಾದ ಕಪ್ಪು ಅರ್ಧ ತುಂಬಿ ಕೊಡ್ಬೇಕು.

ನಮ್ಮನಿ ಹಳೇ ಫೋನಿನ ಕೇಬಲ್ಲು ರಸ್ತಾ ಅಗಿಯುವಾಗ ಕಡೀತು. ಹೆಂಗೂ ಎಲ್ಲಾರ ಕೈಯಾಗೂ ಮೊಬೈಲ್ ಅವ ಅಂತ ನಾವೂ ಅದನ್ನ ಬಿಟ್ಟ ಬಿಟ್ವಿ. ಅತ್ತಿಯವರಿಗೆ ಮಗ ಬೆಂಗಳೂರಿಂದ ದೊಡ್ಡ ಟಚ್ ಫೋನ್ ತಂದ. ಪರದೆ ದೊಡ್ಡದು, ಅಕ್ಷರ ದೊಡ್ಡದು, ಮರಿಮೊಮ್ಮಗನ ಮುಖ ಕಾಣ್ತದ ಅಂತ ನನಗೂ ಭಾಳ ಸಂತೋಷ ಆತು. ಎರಡು ದಿನ ಕಲಿಸಿದ್ವಿ. "ಹಸರ ಗುಂಡು ಮ್ಯಾಲೆ ಸರಿಸ್ರಿ, ಕೆಂಪು ಬಂದ್ರ ಕೆಳಗ ಸರಿಸ್ರಿ." ಅವರು "ಹೂಂ" ಅಂದ್ರು. ನಾವು ಬಂತು ಅಂತ ತಿಳಕೊಂಡ್ವಿ.

ಗೌರಿ ಹಬ್ಬದ ಹಿಂದಿನ ದಿನ ಮೌಶಿಯವರ ಮಗಳು ನನಗ ಫೋನ್ ಮಾಡಿ, ಅಂಜಿಕೋತ ಕೇಳಿದ್ಲು, "ವೈನಿ, ದೊಡ್ಡವ್ವಗ ನಮ್ಮವ್ವನ ಮ್ಯಾಲೆ ಏನರ ಸಿಟ್ಟದ ಏನು? ಅವ್ವ ದಿನಾ ಸಂಜಿಗೆ ಫೋನ್ ಮಾಡ್ತಾಳ, ಅವರು ಕಟ್ ಮಾಡ್ತಾರ. ಅಕಿ ಅತ್ತು ಅತ್ತು ಊಟಾನೂ ಸರಿ ಮಾಡವಲ್ಲಳು." ನಾನು ಅತ್ತಿಯವರ ಫೋನ್ ತಗದು ನೋಡ್ದೆ. ಸಂಜಿ ಏಳರ ಸುಮಾರಿಗೆ, ದೇವರ ಮುಂದ ದೀಪಾ ಹಚ್ಚಿದ ಮ್ಯಾಲೆ, ದಿನಾ ಒಂದು ಕಾಲ್. ಮೂವತ್ತೇಳು ಕಾಲು ಎಣಿಸ್ದೆ. ಎಲ್ಲಾದರ ಮುಂದ ಕೆಂಪು ಗುರುತು, ಕಟ್ ಮಾಡಿದ್ದು. ನಡಗೋ ಬಟ್ಟು ಮ್ಯಾಲೆ ಹೋಗೋ ಬದಲಿ ಕೆಳಗ ಹೋಗಿತ್ತು. ಈ ಕಡೆ ಅತ್ತಿಯವರು ತಂಗಿಗೆ ತಾನು ಬ್ಯಾಡಾಗೇನಿ ಅಂತ ತಿಳಕೊಂಡು ಸುಮ್ಮನ ಕೂತಿದ್ರು.

"ನನಗ ಹೇಳಬೇಕಲ್ಲ ಅತ್ತಿಯವರ" ಅಂದೆ. ಅವರು ಸೆರಗಿಲೆ ಚಸ್ಮಾ ಒರಸ್ಕೋತ ಅಂದ್ರು, "ನಿಮಗ ಎಲ್ಲಾರಿಗೂ ಬರ್ತದ. ಮೂರು ವರ್ಷದ ಕೂಸಿಗೂ ಬರ್ತದ. ನನಗೊಬ್ಬಾಕಿಗೆ ಬರಂಗಿಲ್ಲ ಅಂತ ಹ್ಯಾಂಗ ಹೇಳ್ಲಿ?"

ಆ ರಾತ್ರಿ ನನಗ ನಿದ್ದಿ ಬರ್ಲಿಲ್ಲ. ನಾನು ಪಿಯುಸಿ ಆರ್ಟ್ಸ್ ಮಾಡಿದಾಕಿ, ಇತಿಹಾಸ ನನ್ನ ಪ್ರೀತಿಯ ವಿಷಯ. ಬರಂಗಿಲ್ಲ ಅಂತ ಇವರಿಗ್ಯಾಕ ನಾಚಿಕಿ ಆಗ್ಬೇಕು, ಫೋನ್ ಮಾಡಿದವರಿಗೆ ಆಗ್ಬಾರದೇನು ಅಂತ ತಲ್ಯಾಗ ಕೊರೀಲಿಕ್ಕೆ ಸುರು ಆತು. ಹಿಂಗಾಗಿ ಈ ಯಂತ್ರ ಎಲ್ಲಿಂದ ಬಂತು, ಯಾರ ಸಲುವಾಗಿ ಬಂತು ಅಂತ ಹುಡುಕಿ ಓದಿದೆ. ಓದಿದ್ದನ್ನ ನಿಮಗೂ ಹೇಳ್ತೀನಿ ಕೇಳ್ರಿ. ನಮ್ಮೆಲ್ಲಾರ ಮನ್ಯಾಗೂ ಒಬ್ಬರು ವಯಸ್ಸಾದವರು ಇದ್ದ ಇರ್ತಾರ, ಇಲ್ಲಾಂದ್ರ ನಾಳೆ ನಾವ ಇರ್ತೀವಿ.

ಟೆಲಿಫೋನ್ ಕಂಡುಹಿಡಿದವ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅಂತ ಸಾಲ್ಯಾಗ ಬಾಯಿಪಾಠ ಮಾಡೇವಿ. ಅವನ ಮನಿ ಕತಿ ಯಾರೂ ಹೇಳಿರ್ಲಿಲ್ಲ. 1847ರಾಗ ಸ್ಕಾಟ್ಲೆಂಡಿನ ಎಡಿನ್‌ಬರೋದಾಗ ಹುಟ್ಟಿದಂವ. ಅವನ ತಾಯಿ ಎಲೈಜಾಗ ಕಿವಿ ಬಹುತೇಕ ಕೇಳ್ತಿರ್ಲಿಲ್ಲ. ಉಳಿದವರು ಅಕಿ ಕಿವಿಯ ಕೊಳವಿಯೊಳಗ ಮಾತಾಡಿದ್ರ, ಈ ಹುಡುಗ ತಾಯಿಯ ಹಣಿ ಹತ್ರ ಬಾಯಿ ಇಟ್ಟು, ತಗ್ಗಿಸಿದ ದನಿಲೆ, ಬಿಡಿಸಿ ಬಿಡಿಸಿ ಮಾತಾಡ್ತಿದ್ನಂತ. ಅಪ್ಪನೂ ಮಾತು, ಉಚ್ಚಾರ ಕಲಿಸೋ ಮಾಸ್ತರ. ಮುಂದ ಬೆಲ್ ಅಮೆರಿಕಾದ ಬೋಸ್ಟನ್ನಿನಾಗ ಕಿವುಡ ಮಕ್ಕಳಿಗೆ ಪಾಠ ಹೇಳಿದ. ಅಲ್ಲಿ ಮೇಬಲ್ ಹಬ್ಬರ್ಡ್ ಅನ್ನೋ ಹುಡುಗಿ ಅವನ ಶಿಷ್ಯೆ ಆಗಿ ಬಂದ್ಲು. ಐದು ವರ್ಷದಾಕಿ ಇದ್ದಾಗ ಜ್ವರ ಬಂದು ಅಕಿ ಕಿವಿ ಪೂರ್ತಿ ಹೋಗಿದ್ವು. 1877ರಾಗ ಅಕಿನ್ನ ಅವ ಮದುವಿ ಆದ.

ಅದಕ್ಕ ಒಂದು ವರ್ಷ ಮೊದಲು, 1876ರ ಮಾರ್ಚ್ 7ಕ್ಕ ಟೆಲಿಫೋನಿನ ಪೇಟೆಂಟ್ ಅವನ ಕೈಗೆ ಬಂತು. ಮೂರು ದಿನದ ಮ್ಯಾಲೆ ಬಾಜೂ ಖೋಲ್ಯಾಗಿದ್ದ ಸಹಾಯಕ ವಾಟ್ಸನ್‌ನನ್ನ ತಂತಿಯೊಳಗಿಂದ ಕರದ. ಅಂದ್ರ ಮಾತು ಕೇಳಿಸದ ಇಬ್ಬರು ಹೆಣ್ಣುಮಕ್ಕಳ ಮಧ್ಯ ನಿಂತ ಒಬ್ಬ ಗಂಡಸು ಮಾತನ್ನ ದೂರ ಕಳಿಸೋ ಯಂತ್ರ ಮಾಡಿದ. ಆ ಯಂತ್ರ ಜಗತ್ತಿಗೆಲ್ಲಾ ಉಪಯೋಗಕ್ಕ ಬಂತು, ಅವನ ತಾಯಿಗೆ, ಹೆಂಡತಿಗೆ ಮಾತ್ರ ಬರ್ಲಿಲ್ಲ. ಇದನ್ನ ಓದಿದಾಗ ನನಗ ನಮ್ಮ ಮನಿ ನೆನಪಾತು. ನಾನೂ ಪ್ರೀತಿಲೇ ಫೋನ್ ತರಿಸಿದ್ದೆ.

ಕಿವುಡರು ಫೋನಿನೊಳಗ ಮಾತಾಡ್ಲಿಕ್ಕೆ ಎಷ್ಟು ಕಾಯಬೇಕಾತು ಗೊತ್ತೇನು? ಹತ್ರ ಹತ್ರ ತೊಂಬತ್ತು ವರ್ಷ. 1964ರಾಗ ಅಮೆರಿಕಾದ ರಾಬರ್ಟ್ ವೈಟ್‌ಬ್ರೆಕ್ಟ್ ಅನ್ನೋ ಭೌತವಿಜ್ಞಾನಿ, ತಾನೂ ಹುಟ್ಟು ಕಿವುಡ, ಹಳೇ ಟೆಲಿಪ್ರಿಂಟರ್ ಯಂತ್ರಗಳನ್ನ ಫೋನಿನ ತಂತಿಗೆ ಜೋಡಿಸೋ ಉಪಾಯ ಮಾಡಿದ. ಈ ಕಡೆ ಟೈಪ್ ಮಾಡಿದ್ರ ಆ ಕಡೆ ಕಾಗದದ ಮ್ಯಾಲೆ ಅಕ್ಷರ ಮೂಡ್ತಿದ್ವು. ಜೋಡಿಗೆ ನಿಂತವ ಜೇಮ್ಸ್ ಮಾರ್ಸ್ಟರ್ಸ್, ಕಿವಿ ಕೇಳದ ಹಲ್ಲಿನ ಡಾಕ್ಟರ. ಕಷ್ಟ ಯಾರಿಗಿತ್ತೋ ಅವರ ಕೂತು ಮಾಡಿದಾಗ ಯಂತ್ರ ಅವರಿಗೆ ಒಗ್ತು.

ಈಗ ಇನ್ನೊಂದು ಕಡೆಯಿಂದ ನೋಡ್ರಿ. ಮೊದಲಿನ ಫೋನಿನಾಗ ನಂಬರ್ ಒತ್ತೋದು, ತಿರುವೋದು ಏನೂ ಇರ್ಲಿಲ್ಲ. ಎತ್ತಿದ ಕೂಡ್ಲೆ ಎಕ್ಸ್‌ಚೇಂಜಿನಾಗ ಒಬ್ಬರು ಇರ್ತಿದ್ರು. ಇಂಥವರ ಕೂಡ ಮಾತಾಡಬೇಕು ಅಂದ್ರ ಜೋಡಿಸಿ ಕೊಡ್ತಿದ್ರು. ಸುರುವಾತಿಗೆ ಈ ಕೆಲಸಕ್ಕ ಹುಡುಗರನ್ನ ಇಟ್ಟಿದ್ರಂತ. ಅವರು ಗಿರಾಕಿಗಳಿಗೆ ಬೈಯೋದು, ಚೇಷ್ಟಾ ಮಾಡೋದು ಭಾಳಾಗಿ, 1878ರಾಗ ಬೋಸ್ಟನ್ನಿನಾಗ ಎಮ್ಮಾ ನಟ್ ಅನ್ನೋ ಹೆಣ್ಣುಮಗಳನ್ನ ತಗೊಂಡ್ರು. ಟೆಲಿಫೋನ್ ಆಪರೇಟರ್ ಆದ ಮೊದಲ ಹೆಣ್ಣುಮಗಳು ಅಕಿ. ಅಲ್ಲಿಂದ ಮುಂದ ಅದು ಹೆಣ್ಣುಮಕ್ಕಳ ಕೆಲಸನ ಆತು. ನಮ್ಮ ದೇಶದಾಗ 1882ರ ಜನವರಿ 28ಕ್ಕ ಕಲಕತ್ತಾದಾಗ ಎಕ್ಸ್‌ಚೇಂಜ್ ಸುರು ಆತು, ಮುಂಬೈ, ಮದ್ರಾಸಿನಾಗೂ ಅದ ವರ್ಷ.

ನಮ್ಮ ವಯಸ್ಸಿನವರಿಗೆ ಟ್ರಂಕ್ ಕಾಲ್ ನೆನಪಿರ್ಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ದರ ಬ್ಯಾರೆ ಬ್ಯಾರೆ. ನನ್ನ ತವರುಮನಿ ಗದಗಿನಾಗ ಅಪ್ಪ ಮುಂಜಾನೆ ಕಾಲ್ ಬುಕ್ ಮಾಡಿ ಮಧ್ಯಾಹ್ನದ ತನಕ ಪೋಸ್ಟ್ ಆಫೀಸಿನ ಕಟ್ಟಿ ಮ್ಯಾಲೆ ಕೂತಿದ್ದು ನಾ ನೋಡೇನಿ. ಅತ್ತಿಯವರು ಆ ದಿನ ನೆನಿಸಿಕೊಂಡ್ರ ನಗ್ತಾರ. ಆಗ ನಮ್ಮನ್ಯಾಗ ಫೋನ್ ಇರ್ಲಿಲ್ಲ, ಓಣಿಯ ಡಾಕ್ಟರ ಮನಿ ನಂಬರ್ರ ನಮ್ಮದು. ಲಗ್ನಪತ್ರಿಕ್ಯಾಗ ಅದರ ಮುಂದ 'ಪಿ.ಪಿ.' ಅಂತ ಹಾಕಸ್ತಿದ್ರು. "ನಾ ಫೋನ್ ಎತ್ತಿ ಹಲೋ ಅಂದ್ರ ಸಾಕು, ಆ ಹೆಣ್ಣುಮಗಳು ನನ್ನ ದನಿ ಗುರ್ತು ಹಿಡಿದು 'ಸೊಲ್ಲಾಪುರ ಏನ್ರಿ ಬಾಯಿ?' ಅಂತಿದ್ಲು" ಅಂತ ಹೇಳ್ತಾರ. ಅಕಿ ಮುಖ ಅವರು ಎಂದೂ ನೋಡಿಲ್ಲ.

ವಿಚಾರ ಮಾಡ್ರಿ. ಆಗ ಫೋನ್ ಮಾಡ್ಲಿಕ್ಕೆ ಕಣ್ಣು ಬೇಕಾಗಿರ್ಲಿಲ್ಲ, ಗಟ್ಟಿ ಬಟ್ಟು ಬೇಕಾಗಿರ್ಲಿಲ್ಲ, ನಂಬರ್ ನೆನಪೂ ಬೇಕಾಗಿರ್ಲಿಲ್ಲ. ದನಿ ಇದ್ರ ಸಾಕಿತ್ತು. ತಡ ಆಗ್ತಿತ್ತು, ರೊಕ್ಕ ಹೋಗ್ತಿತ್ತು ಖರೇ. ಆದ್ರ ಕಷ್ಟದ ಕೆಲಸ ಯಂತ್ರದ ಆಚೆ ಕಡೆ ಕೂತ ಒಬ್ಬ ಮನುಷ್ಯಳು ಮಾಡ್ತಿದ್ಲು.

ಅಕಿನ್ನ ತಗದವರು ಯಾರು? ಅಮೆರಿಕಾದ ಕ್ಯಾನ್ಸಸ್ ಸಿಟಿಯೊಳಗ ಆಲ್ಮನ್ ಸ್ಟ್ರೌಜರ್ ಅಂತ ಒಬ್ಬ ಇದ್ದ. ಸತ್ತವರ ಅಂತ್ಯಕ್ರಿಯೆಯ ವ್ಯವಸ್ಥಾ ಮಾಡೋದು ಅವನ ದಂಧೆ. ಊರಿನ ಆಪರೇಟರಳು ತನಗ ಬರೋ ಗಿರಾಕಿಗಳನ್ನ ತನ್ನ ಎದುರಾಳಿ ಕಡೆ ಜೋಡಿಸ್ತಾಳ ಅಂತ ಅವನಿಗೆ ಸಂಶಯ ಬಂತು ಅಂತ ಹೇಳ್ತಾರ. ಆಪರೇಟರ್ ಇಲ್ಲದ ತಾನಾಗಿ ಜೋಡಿಸೋ ಯಂತ್ರ ಮಾಡಿ 1891ರಾಗ ಪೇಟೆಂಟ್ ತಗೊಂಡ. ಮುಂದಿನ ವರ್ಷ ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಊರಾಗ ಅದು ಸುರು ಆತು. ಕೆಲವು ವರ್ಷದಾಗ ತಿರುವೋ ಡಯಲ್ಲೂ ಬಂತು. ನಮ್ಮಲ್ಲೆ ದೂರದ ಊರಿಗೆ ನೇರ ನಂಬರ್ ತಿರುವೋ ಎಸ್‌ಟಿಡಿ 1960ರಾಗ ಕಾನ್ಪುರ, ಲಖನೌ ನಡುವ ಮೊದಲ ಬಂತು. ಒಳ್ಳೇದ ಆತು, ಇಲ್ಲಂತ ಅನ್ನಂಗಿಲ್ಲ. ಆದ್ರ ಅವತ್ತಿನಿಂದ ಆಪರೇಟರಳ ಕೆಲಸ ನಮ್ಮ ಕಣ್ಣಿಗೆ, ನಮ್ಮ ಬಟ್ಟಿಗೆ, ನಮ್ಮ ನೆನಪಿಗೆ ಬಂತು. ಈ ಮೂರೂ ಸೋತವರು ಅವತ್ತ ಹಿಂದ ಉಳದ್ರು.

ಆದ್ರೂ ಹಳೇ ಕರೀ ಫೋನು ವಯಸ್ಸಾದವರಿಗೆ ಭಾಳ ಕರುಣಾ ತೋರಿಸ್ತಿತ್ತು. ಅವು ನಮ್ಮ ಬೆಂಗಳೂರಿನಾಗ ತಯಾರಾಗ್ತಿದ್ವು. 1948ರಾಗ ಅಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದ್ರ ಐಟಿಐ, ಸುರು ಆತು. ಸ್ವಾತಂತ್ರ್ಯ ಬಂದ ಮ್ಯಾಲೆ ಸರ್ಕಾರ ಹಾಕಿದ ಮೊದಲ ಕಾರ್ಖಾನಿಗಳ ಪೈಕಿ ಅದು. ಕಾರ್ಖಾನಿ ಸುತ್ತಲಿನ ಊರಿನ ಹೆಸರ ದೂರವಾಣಿನಗರ. ನಮ್ಮನಿಗೆ ಫೋನ್ ಬಂದಾಗ ನಾನು ಹೊಸಾ ಸೊಸಿ. ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಮ್ಯಾಲೆ ಬಂದದ್ದು. ಅದಕ್ಕ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡದು, ಮ್ಯಾಲೆ ನಾನ ಕ್ರೋಶಾದ ಹೊದಿಕಿ ಹೆಣದು ಹಾಕಿದ್ದೆ.

ಅದರ ಗುಣ ಈಗ ಒಂದೊಂದ ತಿಳೀತಾವ. ಎತ್ತಿದ್ರ ಮಾತು ಸುರು, ಇಟ್ರ ಮುಗೀತು. ತಗೊಳ್ಳಿಕ್ಕೆ ಒಂದು, ಕಟ್ ಮಾಡ್ಲಿಕ್ಕೆ ಒಂದು ಅಂತ ಗುಂಡಿ ಇಲ್ಲ. ಡಯಲ್ಲಿನಾಗ ಬಟ್ಟು ಹೋಗೋ ತೂತು, ಕಡೀಕ ಬಟ್ಟು ತಡಿಯೋ ಕೊಕ್ಕಿ. ಕತ್ತಲ್ಯಾಗೂ ತೂತು ಎಣಿಸಿ ತಿರುವಬಹುದು. ವಜ್ಜಿ ಇದ್ದದ್ದಕ್ಕ ಕೈ ನಡುಗಿದ್ರೂ ಸರೀತಿರ್ಲಿಲ್ಲ. ಒಳಗ ಖರೇ ಗಂಟಿ ಇತ್ತು, ಹಿತ್ತಲಿಗೂ ಕೇಳಿಸ್ತಿತ್ತು. ಕರೆಂಟ್ ಎಕ್ಸ್‌ಚೇಂಜಿನಿಂದ ತಂತಿಯೊಳಗ ಬರ್ತಿತ್ತು, ಚಾರ್ಜ್ ಮಾಡೋ ಮಾತ ಇಲ್ಲ. ಇಟ್ಟ ಜಾಗಾ ಬಿಟ್ಟು ಎಲ್ಲೂ ಹೋಗ್ತಿರ್ಲಿಲ್ಲ, ಹಾಸಿಗ್ಯಾಗ ಹುಡುಕೋ ಪ್ರಸಂಗ ಇಲ್ಲ. ಅತ್ತಿಯವರು ಕಣ್ಣು ಮಂಜಾದ ಮ್ಯಾಲೂ ಎಷ್ಟೋ ವರ್ಷ ಆ ಫೋನಿನಾಗ ತಾವ ತಂಗಿ ನಂಬರ್ ತಿರುವ್ತಿದ್ರು. ಅವರ ಕೈಯಾಗಿಂದ ನಾವು ಏನು ಕಸಕೊಂಡ್ವಿ ಅನ್ನೋದು ನಮಗ ಗೊತ್ತ ಆಗ್ಲಿಲ್ಲ.

ನಮ್ಮ ಧಾರವಾಡದವರು ಹೆಮ್ಮೆ ಪಡೋವಂಥ ಒಂದು ಸಂಗತಿನೂ ಇದರಾಗ ಅದ. ಬೆಳಗಾವಿ ಕಡೆ ಹೊಂಟ್ರ ಮೂವತ್ತು ಕಿಲೋಮೀಟರಿನ ಸುಮಾರಿಗೆ ರಾಣಿ ಚೆನ್ನಮ್ಮನ ಕಿತ್ತೂರು ಬರ್ತದ. ನಾವೆಲ್ಲಾ ಕ್ವಾಟಿ ನೋಡ್ಲಿಕ್ಕೆ ಹೋಗಿ ಬಂದೇವಿ. 1984ರಾಗ ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಾಗ ಸಿ-ಡಾಟ್ ಅನ್ನೋ ಸಂಸ್ಥಾ ಸುರು ಆತು. ಹೊರದೇಶದಿಂದ ತರೋ ಎಕ್ಸ್‌ಚೇಂಜ್ ದೊಡ್ಡ ಶಹರಿಗೆ ಅಂತ ಮಾಡಿದ್ದು, ಅದಕ್ಕ ಏಸಿ ಬೇಕು. ನಮ್ಮ ಹಳ್ಳ್ಯಾಗ ಬಿಸಲು, ಧೂಳು, ಕರೆಂಟಿನ ಕಣ್ಣಾಮುಚ್ಚಾಲಿ. ಸಿ-ಡಾಟಿನ ಹುಡುಗರು ಏಸಿ ಇಲ್ಲದ ನಡೆಯೋ, 128 ಲೈನಿನ ಸಣ್ಣ ಎಕ್ಸ್‌ಚೇಂಜ್ ಮಾಡಿದ್ರು. ಮೊದಲನೇದನ್ನ 1986ರಾಗ ಹಚ್ಚಿದ್ದು ಈ ಕಿತ್ತೂರಿನಾಗ. ಮುಂದ ದೇಶದ ಹಳ್ಳಿ ಹಳ್ಳಿಗೆ ಫೋನ್ ಮುಟ್ಟಿದ್ದು ಇಂಥಾ ಎಕ್ಸ್‌ಚೇಂಜಿನಿಂದ. ಹಿಂದಿನಿಂದ ಹಳದಿ ಬಣ್ಣದ ಎಸ್‌ಟಿಡಿ ಬೂತ್ ಬಂದ್ವು. ಎಷ್ಟೋ ಬೂತಿನಾಗ ಅಂಗವಿಕಲರು ಕೂತು ಸಂಸಾರ ನಡಸಿದ್ರು.

ಕಿತ್ತೂರಿನ ಈ ಕತಿ ಓದಿದಾಗ ನನಗ ಒಂದು ಮಾತು ಗಟ್ಟಿ ಆತು. ಅವರು ಹಳ್ಳಿ ಧೂಳಿಗೆ ತಕ್ಕಂಗ ಯಂತ್ರ ಮಾಡಿದ್ರು. ಯಂತ್ರಕ್ಕ ತಕ್ಕಂಗ ಹಳ್ಳಿ ಬದಲಾಗ್ಲಿ ಅನ್ಲಿಲ್ಲ. ನಾವು ಮನ್ಯಾಗ ಮಾಡಿದ್ದು ಉಲ್ಟಾ. ಫೋನ್ ತಂದು, ಅದಕ್ಕ ತಕ್ಕಂಗ 84 ವರ್ಷದ ಬಟ್ಟು ಬದಲಾಗ್ಲಿ ಅಂದ್ವಿ.

ಒತ್ತೋ ಗುಂಡಿ ಹ್ಯಾಂಗ ಬಂತು ಅನ್ನೋದೂ ಇಂಥದ ಪಾಠ. ಅಮೆರಿಕಾದ ಬೆಲ್ ಲ್ಯಾಬ್ಸಿನಾಗ 1960ರ ಸುಮಾರಿಗೆ ಗುಂಡಿಗಳನ್ನ ಎರಡು ಸಾಲು, ಗೋಲು, ಅಡ್ಡ, ಉದ್ದ ಹಿಂಗ ಥರಾವರಿ ಜೋಡಿಸಿ, ಸಾಮಾನ್ಯ ಮಂದಿ ಕೈಯಾಗ ಕೊಟ್ಟು, ಯಾವುದರಾಗ ತಪ್ಪು ಕಡಿಮಿ, ಯಾವುದು ಅವರಿಗೆ ಸೇರ್ತದ ಅಂತ ಪರೀಕ್ಷಾ ಮಾಡಿದ್ರು. ಮೂರು ಸಾಲಿನಾಗ ಒಂದರಿಂದ ಒಂಬತ್ತು, ಕೆಳಗ ಸೊನ್ನಿ ಅನ್ನೋ ಜೋಡಣಿ ಹಿಂಗ ಬಂತು. 1963ರಾಗ ಅಂಥಾ ಫೋನು ಮಂದಿಗೆ ಸಿಕ್ತು. ಮುಂದ ನಡುವಿನ 5ರ ಮ್ಯಾಲೆ ಒಂದು ಸಣ್ಣ ಉಬ್ಬು ಚುಕ್ಕಿ ಬಂತು. ನಿಮ್ಮ ಗುಂಡಿ ಫೋನ್ ಇದ್ರ ಈಗ ಮುಟ್ಟಿ ನೋಡ್ರಿ. ಕಣ್ಣು ಕಾಣದವರು ಅದನ್ನ ಹಿಡಕೊಂಡು ಸುತ್ತಲಿನ ಎಂಟೂ ಅಂಕಿ ಗುರ್ತಸ್ತಾರ. ನಾ ಇಷ್ಟು ವರ್ಷ ಅದನ್ನ ಅಲಂಕಾರಕ್ಕ ಇಟ್ಟಾರ ಅಂತ ತಿಳಕೊಂಡಿದ್ದೆ!

ಮೊಬೈಲು ನಮ್ಮ ದೇಶಕ್ಕ 1995ರ ಜುಲೈ 31ಕ್ಕ ಬಂತು. 2003ರಾಗ ನೋಕಿಯಾ 1100 ಬಂತಲ್ಲ, ಬ್ಯಾಟರಿ ದೀಪದ ಫೋನು, ಅದು ಎಲ್ಲಾರ ಮನ್ಯಾಗೂ ಓಡಾಡೇದ. ಧೂಳು ಹೋಗದ ಗುಂಡಿ, ಕರೆಂಟ್ ಹೋದ್ರ ದೀಪ, ಬಿದ್ರೂ ಒಡೀತಿರ್ಲಿಲ್ಲ. ಅದೂ ಮಂದೀನ ನೋಡಿ ಮಾಡಿದ್ದ. ಆಮ್ಯಾಲೆ 2007ರಿಂದ ಈ ಕಡೆ ಟಚ್ ಫೋನ್ ಬಂದು ಗುಂಡಿ ಅನ್ನೋವ ಮಾಯ ಆದ್ವು. ಗಾಜಿನ ಮ್ಯಾಲೆ ಮುಟ್ಟಿ ಗುರ್ತಿಸಲಿಕ್ಕೆ ಏನೂ ಉಳೀಲಿಲ್ಲ.

ಕಣ್ಣು ಕಾಣದವರಿಗೆ ಅಂತ 2009ರಿಂದ ಪರದೆ ಮ್ಯಾಲಿಂದನ್ನ ಓದಿ ಹೇಳೋ ಸೌಕರ್ಯ ಟಚ್ ಫೋನಿನೊಳಗ ಅದ. ಐಫೋನಿನಾಗ ವಾಯ್ಸ್‌ಓವರ್, ಆಂಡ್ರಾಯ್ಡಿನಾಗ ಟಾಕ್‌ಬ್ಯಾಕ್ ಅಂತಾರ. ಅದನ್ನ ಕಲಿತ ಅಂಧರು ನಮಗಿಂತ ಚುರುಕು ಫೋನ್ ನಡಸ್ತಾರ. ಆದ್ರ ಅತ್ತಿಯವರಿಗೆ ಅದು ನಡೀಲಿಲ್ಲ. ಯಾಕಂದ್ರ ಕಣ್ಣಿನ ಕೊರತಿ ತುಂಬಲಿಕ್ಕೆ ಅದು ಕಿವಿ ಬೇಡ್ತದ. ಕಿವಿ ಕೊರತಿ ತುಂಬೋ ಮೆಸೇಜು ಕಣ್ಣು ಬೇಡ್ತದ. ಎರಡೂ ಅರ್ಧರ್ಧ ಹೋಗಿ, ಕೈಯೂ ನಡುಗಿದ್ರ ಇವರು ಎಲ್ಲಿಗೆ ಹೋಗಬೇಕು? ವಯಸ್ಸಿನ ತ್ರಾಸು ಒಂದೊಂದ ಬರಂಗಿಲ್ಲ, ಗುಂಪಿಲೆ ಬರ್ತಾವ.

ಇದನ್ನ ತಿಳಕೊಂಡು ಫೋನ್ ಮಾಡಿದವರೂ ಇದ್ದಾರ. ಜಪಾನಿನಾಗ ಡೊಕೊಮೊ ಕಂಪನಿ 1999ರಾಗ 'ರಾಕು ರಾಕು' ಅನ್ನೋ ಫೋನ್ ಸುರು ಮಾಡ್ತು. ಹೆಸರಿನ ಅರ್ಥಾನ 'ಸುಲಭ'. ಮುಂದ ಫುಜಿತ್ಸು ಮಾಡಿದ ಈ ಫೋನುಗಳಾಗ 1, 2, 3 ಅಂತ ಮೂರು ಗುಂಡಿ, ಒಂದೊಂದಕ್ಕ ಒಬ್ಬೊಬ್ಬರು. ಆ ಕಡೆಯವರು ಭಡಾಭಡಾ ಮಾತಾಡಿದ್ರ ನಿಧಾನ ಮಾಡಿ ಕೇಳಿಸೋ ವ್ಯವಸ್ಥಾನೂ ಆಮ್ಯಾಲೆ ಬಂತು. ಅಮೆರಿಕಾದಾಗ ಆರ್ಲೀನ್ ಹ್ಯಾರಿಸ್ ಅನ್ನೋ ಹೆಣ್ಣುಮಗಳು 2006ರಾಗ 'ಜಿಟರ್‌ಬಗ್' ಅನ್ನೋ ಮಡಚೋ ಫೋನ್ ತಂದ್ಲು. ಅಕಿ ಗಂಡ ಮಾರ್ಟಿನ್ ಕೂಪರ್, 1973ರಾಗ ಕೈಯಾಗ ಹಿಡಿಯೋ ಮೊಬೈಲಿನಿಂದ ಮೊದಲ ಕಾಲ್ ಮಾಡಿದಂವ. ಆ ಫೋನಿನ ಒಂದು ನಮೂನಿಯೊಳಗ ದೊಡ್ಡ ಗುಂಡಿ ಬರೇ ಮೂರ. ಅದರಾಗ ಒಂದು ಯಾರಿಗೆ ಗೊತ್ತೇನು? ಆಪರೇಟರಿಗೆ! ಒತ್ತಿದ್ರ ಖರೇ ಮನುಷ್ಯರು ಮಾತಾಡಿ ಬೇಕಾದವರಿಗೆ ಜೋಡಿಸಿ ಕೊಡ್ತಿದ್ರು. ನೂರಾ ಹದಿನೈದು ವರ್ಷದ ಹಿಂದ ಸ್ಟ್ರೌಜರ್ ಹೊರಗ ಹಾಕಿದಾಕಿನ್ನ ವಯಸ್ಸಾದವರ ಸಲುವಾಗಿ ಮತ್ತ ಕರಕೊಂಡು ಬಂದಂಗ ಆತು.

ಆ ಸೇವಾ ನಮ್ಮ ಕಡೆ ಇಲ್ಲ. ಆದ್ರ ನನಗ ದಾರಿ ಸಿಕ್ತು. ಅತ್ತಿಯವರ ಹತ್ರ ಕೂತು ಮೊದಲ ಸಲ ಕೇಳ್ದೆ, "ಯಾರ ಕೂಡ ಮಾತಾಡ್ಬೇಕು ಅನಸ್ತದ ನಿಮಗ?" ಅವರು ಬಟ್ಟು ಮಡಚಿದ್ರು. "ತಂಗಿ. ಮಗಳು. ಆಮ್ಯಾಲೆ ನೀ ಪ್ಯಾಟಿಗೆ ಹೋಗಿ ತಡಾ ಮಾಡಿದ್ರ, ನೀ." ಅಷ್ಟ. ಮೂರ ಮಂದಿ. ನಾವು ಸಾವಿರ ಕೆಲಸದ ಫೋನ್ ತಂದಿದ್ವಿ.

ಅಂಗಡಿಗೆ ಹೋಗೋಕಿಂತ ಮೊದಲ ಒಂದು ಪರೀಕ್ಷಾ ಮಾಡ್ಕೊಂಡೆ. ನನ್ನ ಹಳೇ ಚಸ್ಮಾದ ಎರಡೂ ಕಾಜಿನ ನಡುವ ದೊಡ್ಡ ಟಿಕಳಿ ಹಚ್ಚಿದೆ, ಕಿವ್ಯಾಗ ಅರಳಿ ತುರುಕಿದೆ, ಬಲಗೈಗೆ ಪಾತ್ರಿ ತಿಕ್ಕೋ ರಬ್ಬರಿನ ಕೈಚೀಲ ಹಾಕ್ಕೊಂಡೆ. ಹಂಗ ಕೂತು ಮನ್ಯಾಗಿನ ಒಂದೊಂದ ಫೋನ್ ಹಿಡದು ನೋಡ್ದೆ. ಐದು ನಿಮಿಷದಾಗ ನನಗ ಅಳು ಬಂತು. ನೀವೂ ಒಮ್ಮೆ ಮಾಡಿ ನೋಡ್ರಿ, ಹತ್ತು ಮಂದಿ ಸಲಹಾಕ್ಕಿಂತ ಇದು ಮೇಲು.

ಅಂಗಡಿಗೆ ಅತ್ತಿಯವರನ್ನೂ ರಿಕ್ಷಾದಾಗ ಕರಕೊಂಡು ಹೋದೆ. ಅಲ್ಲೆ ನಾ ನೋಡಿದ್ದು ಏನಂದ್ರ:

ಮೊದಲನೇದು, ತಗೊಳ್ಳೋದು ಮತ್ತ ಕಟ್ ಮಾಡೋದು. ಮಡಚೋ ಫೋನ್ ಇದ್ರ ತೆರದಾಗ ಕಾಲ್ ಬರ್ತದ, ಮುಚ್ಚಿದ್ರ ಕಟ್ ಆಗ್ತದ. ಥೇಟ್ ಹಳೇ ಕರೀ ಫೋನಿನಂಗ. ತೆರದ್ರ ತಾನ ಕಾಲ್ ತಗೊಳ್ಳಿ ಅನ್ನೋ ಸೆಟ್ಟಿಂಗ್ ಮಾಡಿಸ್ಕೊಳ್ರಿ. ಕೀಲು ಭಾಳ ಬಿಗಿ ಇರಬಾರದು. ಅವರ ಕೈಲೇ ತಗಸಿ ನೋಡ್ರಿ, ನಿಮ್ಮ ಕೈಲೆ ಅಲ್ಲ.

ಎರಡನೇದು, ಗುಂಡಿ. ಉಬ್ಬಿರಬೇಕು, ನಡುವ ಸಂದು ಇರಬೇಕು, ಕರೀ ಮ್ಯಾಲೆ ಬಿಳಿ ಅಂಕಿ ಇದ್ರ ಛಲೋ. ಒಂದು ಗುಂಡಿ ಒತ್ತಿ ಹಿಡಿದ್ರ ಒಬ್ಬರಿಗೆ ಹೋಗೋ ಹಂಗ ನಂಬರ್ ಕೂಡಿಸಬಹುದು. ನಾನು 2ಕ್ಕ ಮೌಶಿ, 3ಕ್ಕ ನಮ್ಮ ನಾದಿನಿ, 4ಕ್ಕ ನಾನು ಅಂತ ಮಾಡ್ದೆ. ಮೂರರ ಮ್ಯಾಲೂ ಉಗುರಿಗೆ ಹಚ್ಚೋ ಬಣ್ಣದ ಹನಿ ಹಾಕಿ ಒಣಗಿಸಿದೆ. 2ಕ್ಕ ಒಂದು ಹನಿ, 3ಕ್ಕ ಎರಡು, 4ಕ್ಕ ಮೂರು. ಮೊದಲು ಟಿಕಳಿ ಹಚ್ಚಿದ್ದೆ, ಎರಡು ದಿನಕ್ಕ ಕಿತ್ತು ಬಂತು.

ಮೂರನೇದು, ದನಿ. ವಯಸ್ಸಾದ ಕಿವಿಗೆ ಮೊದಲು ಹೋಗೋದು ಸಣ್ಣ ಕೀಚಲು ದನಿ. ಹಂಗಾಗಿ ಚಿಲಿಪಿಲಿ ರಿಂಗ್‌ಟೋನ್ ಎಷ್ಟು ಜೋರಿಟ್ರೂ ಕೇಳಂಗಿಲ್ಲ. ದಪ್ಪ ದನಿ ಗಂಟಿ ಇಡ್ರಿ, ಜೋಡಿಗೆ ನಡುಗೋದು, ದೀಪಾ ಮಿಣುಕೋದೂ ಇರ್ಲಿ. ಕಿವಿಯ ಮಷೀನ್ ಇದ್ದವರು ಫೋನ್ ಕಿವಿ ತೂತಿಗೆ ಒತ್ತಿದ್ರ ಮಷೀನ್ ಕುಂಯ್ಯಂತದ. ಕಿವಿ ಹಿಂದ ಕೂಡೋ ಮಷೀನಿಗೆ ಮೈಕು ಮ್ಯಾಲಿರ್ತದ, ಫೋನ್ ಅಲ್ಲೆ ಹಿಡೀಬೇಕು. ಮಷೀನ್ ಹಚ್ಚಿಕೊಂಡ ಅಂಗಡ್ಯಾಗ ಮಾತಾಡಿ ನೋಡ್ರಿ. ಮತ್ತ ನಾವು ಒದರಬಾರದು. ಬೆಲ್ ತನ್ನ ತಾಯಿ ಕೂಡ ಮಾತಾಡಿದಂಗ, ದನಿ ತಗ್ಗಿಸಿ, ಬಿಡಿಸಿ ಮಾತಾಡಬೇಕು.

ನಾಲ್ಕನೇದು, ಚಾರ್ಜ್. ಸೂಜ್ಯಾಗ ದಾರ ಪೋಣಿಸಿದಂಗ ಪಿನ್ನು ಚುಚ್ಚೋದು ನಡಗೋ ಕೈಲೆ ಆಗಂಗಿಲ್ಲ. ಸುಮ್ಮನ ಇಟ್ರ ಚಾರ್ಜ್ ಆಗೋ ತೊಟ್ಟಿಲು ಕೆಲವು ಫೋನಿಗೆ ಸಿಗ್ತದ. ನಮಗ ಸಿಕ್ತು. ದೇವರ ಮನಿ ಬಾಜೂಕ ಒಂದು ಮಾಡದಾಗ ಇಟ್ಟೀವಿ, ಅದರ ಜಾಗಾ ಅದ.

ಐದನೇದು, ಸಿಮ್. ಕೆಲವು ಕಂಪನಿ ಸಿಮ್ 4ಜಿ ಫೋನಿನಾಗ ಮಾತ್ರ ನಡೀತಾವ. ಹಳೇ ನಮೂನಿ ಗುಂಡಿ ಫೋನ್ ತಂದ ಮ್ಯಾಲೆ ಸಿಮ್ ಕೂಡವಲ್ಲದು ಅಂತ ಪರದಾಡಬ್ಯಾಡ್ರಿ, ಮೊದಲ ಕೇಳ್ರಿ.

ಆರನೇದು, ಆಪತ್ತು. 2016ರಾಗ ನಮ್ಮ ಸರ್ಕಾರ ಎಲ್ಲಾ ಮೊಬೈಲಿನಾಗೂ ಆಪತ್ತಿನ ಗುಂಡಿ ಇರಬೇಕು ಅಂತ ನಿಯಮ ಮಾಡ್ತು. ಗುಂಡಿ ಫೋನಿನಾಗ 5 ಅಥವಾ 9 ಒತ್ತಿ ಹಿಡದ್ರ ಸಹಾಯಕ್ಕ ಕಾಲ್ ಹೋಗಬೇಕು ಅಂತ. ಅದ ಉಬ್ಬು ಚುಕ್ಕಿಯ 5! ನಿಮ್ಮ ಫೋನಿನಾಗ ಯಾವ ಗುಂಡಿ ಅಂತ ಅಂಗಡ್ಯಾಗ ಕೇಳಿ ತಿಳಕೊಳ್ರಿ. ಆಪತ್ತಿಗೆ 112, ವಯಸ್ಸಾದವರ ಸಹಾಯವಾಣಿ 14567, ಎರಡೂ ಬಾಯಿಪಾಠ ಮಾಡಸ್ರಿ. ಹಂಗ, ಗುರ್ತಿಲ್ಲದವರ ಕಾಲ್ ಬರದಂಗ ಮಾಡೋ ಅನುಕೂಲನೂ ಕೆಲವು ಫೋನಿನಾಗ ಅದ. ಬ್ಯಾಂಕಿನವರು, ಪೊಲೀಸರು ಅಂತ ಹೇಳಿ ವಯಸ್ಸಾದವರನ್ನ ಅಂಜಿಸಿ ರೊಕ್ಕ ಬಡಿಯೋ ಕಾಲ ಇದು.

ಮನಿಗೆ ಬಂದ ದಿನ ಸಂಜಿಗೆ ದೀಪಾ ಹಚ್ಚಿದ ಮ್ಯಾಲೆ ಅತ್ತಿಯವರು ಮಾಡದಾಗಿಂದ ಫೋನ್ ತಗೊಂಡ್ರು. ಬಟ್ಟಿಲೆ 5ರ ಚುಕ್ಕಿ ಹುಡುಕಿದ್ರು, ಅಲ್ಲಿಂದ ಮ್ಯಾಲೆ ಸರದು ಒಂದು ಹನಿ ಇದ್ದದ್ದನ್ನ ಒತ್ತಿ ಹಿಡದ್ರು. ನಾ ಸಹಾಯಕ್ಕ ಹೋಗ್ಲಿಕ್ಕೆ ಎದ್ದಾಕಿ ತಡಕೊಂಡು ಅಲ್ಲೆ ನಿಂತೆ. ಆ ಕಡೆಯಿಂದ ಮೌಶಿಯವರ ದನಿ ನನಗೂ ಕೇಳಸ್ತು, "ಅಕ್ಕಾ?" ಅಂತ. ಎರಡು ತಿಂಗಳ ಮಾತು ಯಾರೂ ತಗೀಲಿಲ್ಲ. "ಊಟಕ್ಕ ಏನ ಮಾಡೀಯ ಇವತ್ತ?" ಅಂತ ಅತ್ತಿಯವರು ಕೇಳಿದ್ರು. ಮುಕ್ಕಾಲು ತಾಸು ಆತು. ಕುಕ್ಕರ್ ಎಷ್ಟು ಸೀಟಿ ಹೊಡೀತೋ ನನಗ ಲಕ್ಷ್ಯ ಇರ್ಲಿಲ್ಲ, ಅನ್ನ ಮುದ್ದಿ ಆತು.

ಟಚ್ ಫೋನ್ ಕಪಾಟಿನಾಗ ಅದ. ಐತವಾರ ಮರಿಮೊಮ್ಮಗನ ಮುಖ ನೋಡ್ಲಿಕ್ಕೆ ನಾ ಹಿಡಕೊಂಡು ಕೂಡ್ತೀನಿ, ಅವರು ಬಾಜೂ ಕಣ್ಣಿಲೆ ನೋಡ್ತಾರ. ಅದಕ್ಕ ಅದು ಛಲೋನ ಅದ.

ನೀವು ಯಾರಿಗರ ಫೋನ್ ತರೋರಿದ್ರ, ಅಂಗಡಿಗೆ ಹೋಗೋಕಿಂತ ಮೊದಲ ಅವರ ಬಾಜೂಕ ಕೂತು ಯಾರ ಕೂಡ ಮಾತಾಡ್ಬೇಕು ಅಂತ ಕೇಳ್ರಿ. ತಂದು ಕೊಟ್ಟ ಮ್ಯಾಲೆ ವಾರಕ್ಕೊಮ್ಮೆ ಅವರ ಫೋನಿನಾಗ ಕೆಂಪು ಗುರುತು ಎಷ್ಟವ ನೋಡ್ರಿ. ನಮ್ಮನ್ಯಾಗ ಮೂವತ್ತೇಳು ಆಗೋತನಕ ನಾ ನೋಡಿರ್ಲಿಲ್ಲ.